ಅಂಬಾಜಿದುರ್ಗದ ಕೆಳಗೆ ಸಿಕ್ಕವನು

ಸಿದ್ಧಾರ್ಥ್ ಫೋನ್ ಮಾಡಿದಾಗ ನಾನು ಶಿಡ್ಲಘಟ್ಟದ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಒಂಬತ್ತನೇ ತರಗತಿಯ ಉತ್ತರಪತ್ರಿಕೆಗಳನ್ನು ಮುಂದಿಟ್ಟುಕೊಂಡು ಕೂತಿದ್ದೆ. ಅವನು ನನ್ನ ಹಳೆಯ ವಿದ್ಯಾರ್ಥಿ. ಈಗ ವಿಮಾನ ನಿಲ್ದಾಣದಿಂದ ಟ್ಯಾಕ್ಸಿ ಓಡಿಸುತ್ತಾನೆ.

"ಮಿಸ್, ಒಬ್ರು ಫಾರಿನ್ ಅಜ್ಜಿ ನನ್ ಗಾಡೀಲಿ ಅವ್ರೆ. ಬೆಳಿಗ್ಗೆ ನಂದಿಬೆಟ್ಟ ತೋರ್ಸಿದೆ. ಈಗ ಅಂಬಾಜಿದುರ್ಗಕ್ಕೆ ಹೋಗಣ ಅಂತಾರೆ. ಅಲ್ಲಿ ಯಾರ್ ಮನೆಗೆ ಅಂದ್ರೆ ಏನೇನೋ ಹೇಳ್ತಾರೆ. ಅವರ ಇಂಗ್ಲಿಷು ನಂಗೆ ಹಿಡೀತಾನೇ ಇಲ್ಲ. ನೀವೇ ಒಂಚೂರು ಮಾತಾಡಿ ಮಿಸ್."

ಹಾಗೆ ನನಗೆ ಐರಿಸ್ ಪೆಂಡ್ರಿಯ ಪರಿಚಯವಾಯಿತು. ಆಕೆ ಆಸ್ಟ್ರೇಲಿಯಾದ ಕೆಳಗಿರುವ ಟ್ಯಾಸ್ಮೇನಿಯಾ ದ್ವೀಪದವಳು. ಎಪ್ಪತ್ತು ದಾಟಿದ ಹೆಂಗಸು, ಒಬ್ಬಳೇ ಬಂದಿದ್ದಳು. ಫೋನಿನಲ್ಲಿ ಆಕೆ ನಿಧಾನವಾಗಿ, ಯಾರೋ ಕೇಳಿಸಿಕೊಳ್ಳುತ್ತಾರೆಂಬ ಅಳುಕಿಲ್ಲದೆ ಹೇಳಿದಳು: "ನನ್ನ ಅಜ್ಜನ ಅಜ್ಜ ಒಬ್ಬ ಕೈದಿ. ಬ್ರಿಟಿಷ್ ಸೈನ್ಯದಿಂದ ಓಡಿಹೋದವನು. ಅವನನ್ನು ಹಿಡಿದದ್ದು ಅಂಬಾಜಿದುರ್ಗದ ಕೆಳಗೆ. ಆ ಜಾಗವನ್ನು ಒಂದು ಸಲ ನೋಡಬೇಕು."

ಆ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಆಕೆ ಊಟ ಮಾಡಿಲ್ಲವೆಂದು ಸಿದ್ಧಾರ್ಥ್ ಹೇಳಿದ. ಮೊದಲು ಮೇಲೂರಿನ ನಮ್ಮ ಮನೆಗೆ ಕರೆದುಕೊಂಡು ಬಾ ಅಂದೆ. ಊಟಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ನಮ್ಮ ಅತ್ತೆ ವೆಂಕಟರತ್ನಮ್ಮನ ತೌರೂರು ಅಂಬಾಜಿದುರ್ಗದ ಬುಡದಲ್ಲಿದೆ. ಆ ಬೆಟ್ಟದ ಬಗ್ಗೆ ಹೇಳಬಲ್ಲವರು ನಮ್ಮ ಮನೆಯಲ್ಲೇ ಇರುವಾಗ ಬೇರೆ ಯಾರನ್ನು ಹುಡುಕಲಿ?

ಅತ್ತೆ ಆಗ ಹಿತ್ತಲಿನಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಬಿಳಿ ಕೂದಲಿನ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡ ಹೆಂಗಸು ಕಾರಿನಿಂದ ಇಳಿದದ್ದನ್ನು ನೋಡಿ, "ಪಾಪ, ನನ್ ತರಾನೇ ಕಾಲ್ನೋವು" ಎಂದು ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಸಿದರು. ಐರಿಸ್ ಕೂತವಳೇ ಒಂದು ಹಿಡಿ ಕಾಯಿ ತೆಗೆದುಕೊಂಡು ಬಿಡಿಸತೊಡಗಿದಳು. ಅತ್ತೆಗೆ ಅದು ತುಂಬ ಹಿಡಿಸಿತು.

ಊಟವಾದ ಮೇಲೆ ಐರಿಸ್ ಆ ಕೈದಿಯ ಕತೆ ಹೇಳಿದಳು. ನಾನು ತುಂಡು ತುಂಡಾಗಿ ಕನ್ನಡಕ್ಕೆ ತಿರುಗಿಸಿ ಅತ್ತೆಗೆ ಹೇಳುತ್ತಾ ಹೋದೆ.

ಅವನ ಹೆಸರು ನೇಥನ್ ಪೆಂಡ್ರಿ. ಇಂಗ್ಲೆಂಡಿನ ಒಂದು ರೇಷ್ಮೆ ನೇಯುವ ಊರಿನಲ್ಲಿ ಹುಟ್ಟಿದವನು. ಅಪ್ಪ ಮಗ್ಗದವನು. ನೇಥನ್ ಚಿಕ್ಕಂದಿನಲ್ಲೇ ಗಿರಣಿಯಲ್ಲಿ ನೂಲಿನ ಸುರುಳಿ ಹೊರುತ್ತಿದ್ದ. ಗಿರಣಿಗಳು ಮುಚ್ಚಿ ಮನೆಯಲ್ಲಿ ಒಲೆ ಹತ್ತದ ಹಾಗಾದಾಗ ಸೈನ್ಯಕ್ಕೆ ಸೇರಿದ. ಅಲ್ಲಿ ಅವನಿಗೆ ತಮಟೆಯವನ ಕೆಲಸ ಕೊಟ್ಟರು. ಪೆರೇಡಿನಲ್ಲಿ ತಮಟೆ ಬಾರಿಸುವುದಷ್ಟೇ ಕೆಲಸ ಅಂದುಕೊಂಡಿದ್ದ. ಆದರೆ ಆ ಕಾಲದ ಬ್ರಿಟಿಷ್ ದಳಗಳಲ್ಲಿ ತಪ್ಪು ಮಾಡಿದ ಸಿಪಾಯಿಗೆ ಚಾಟಿ ಬೀಸುವುದೂ ತಮಟೆಯವನದೇ ಕೆಲಸವಾಗಿತ್ತು.

ದಳ ಬೆಂಗಳೂರಿನ ದಂಡು ಪ್ರದೇಶಕ್ಕೆ ಬಂತು. ಅಲ್ಲಿ ಒಂದು ದಿನ, ಕುಡಿದು ಕಾವಲಿನಲ್ಲಿ ನಿದ್ದೆ ಹೋದ ಅವನ ಜೊತೆಗಾರನನ್ನೇ ಕಟ್ಟಿಹಾಕಿ, ನೇಥನ್‌ನ ಕೈಗೆ ಚಾಟಿ ಕೊಟ್ಟರು. ಅವನು ಬೀಸಿದ. ಬೀಸದಿದ್ದರೆ ಅದೇ ಕಂಬಕ್ಕೆ ಅವನನ್ನೂ ಕಟ್ಟುತ್ತಿದ್ದರು. ಜೊತೆಗಾರ ಕೆಲವು ದಿನ ನರಳಿ ಸತ್ತ. ಅದಾದ ಮೇಲೆ ನೇಥನ್‌ಗೆ ಚಳಿಜ್ವರ ಹಿಡಿಯಿತು. ಕಾಯಿಲೆಯವರ ಜೊತೆ ಅವನನ್ನೂ ನಂದಿಬೆಟ್ಟದ ತಂಪಿಗೆ ಕಳಿಸಿದರು. ಜ್ವರ ಬಿಟ್ಟಿತು. ದಂಡಿಗೆ ವಾಪಸ್ಸು ಹೊರಡುವ ದಿನ ಬೆಳಗಿನ ಮಂಜಿನಲ್ಲಿ ಎಲ್ಲರೂ ಒಂದು ಕಡೆ ಇಳಿದರೆ ಇವನು ಇನ್ನೊಂದು ಕಡೆ ಇಳಿದ.

"ಎಲ್ಲಿಗ್ ಹೋಗ್ಬೇಕು ಅನ್ಕೊಂಡಿದ್ದ?" ಅತ್ತೆ ಕೇಳಿದರು.

ಐರಿಸ್ ತಲೆಯಾಡಿಸಿದಳು. "ಎಲ್ಲಿಗೂ ಇಲ್ಲ. ತಮಟೆಯ ಸದ್ದು ಕೇಳಿಸದ ಕಡೆ."

ಅವನು ಪೂರ್ವಕ್ಕೆ ನಡೆದ. ಊರುಗಳನ್ನು ತಪ್ಪಿಸಿ ಹೊಲಗಳಲ್ಲಿ ಸಿಕ್ಕಿದ್ದನ್ನು ಹಸಿಹಸಿ ತಿನ್ನುತ್ತಾ ಹೋದ. ದಾರಿಯಲ್ಲಿ ಜ್ವರ ಮತ್ತೆ ಬಂತು. ಅಂಬಾಜಿದುರ್ಗದ ಕೆಳಗೆ, ಒಂದು ಕೆರೆಯ ಕಟ್ಟೆಯ ಮೇಲೆ, ಕುಸಿದು ಬಿದ್ದ. ಕಣ್ಣು ಬಿಟ್ಟಾಗ ಮೇಕೆಗಳು ಅವನ ಮುಖ ಮೂಸುತ್ತಿದ್ದವು. ಅವುಗಳ ಹಿಂದೆ ಒಬ್ಬಳು ಮುದುಕಿ ಕೋಲು ಹಿಡಿದು ನಿಂತಿದ್ದಳು.

ಮುದುಕಿ ಕೆಂಪು ಮುಖದ ಆ ಹುಡುಗನನ್ನು ನೋಡಿ ಓಡಿಹೋಗಲಿಲ್ಲ. ತನ್ನ ಬುತ್ತಿಯ ಗಡಿಗೆಯಿಂದ ಅಂಬಲಿ ಬಗ್ಗಿಸಿ ಅವನ ಬಾಯಿಗೆ ಹಿಡಿದಳು. "ಕೆಸರಿನಷ್ಟು ಕಪ್ಪಗಿನ ಗಂಜಿ" ಎಂದು ನೇಥನ್ ಮುಪ್ಪಿನಲ್ಲಿ ಹೇಳುತ್ತಿದ್ದನಂತೆ. ಊರಿನವರು ಹೆದರಿದರು. ಸೈನ್ಯದವರು ಹುಡುಕಿಕೊಂಡು ಬಂದರೆ ಎಲ್ಲರಿಗೂ ತೊಂದರೆ ಅಂದರು. ಮುದುಕಿಗೆ ಒಬ್ಬ ಮಗನಿದ್ದು ಸತ್ತಿದ್ದ. ಅವಳು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹುಡುಗನನ್ನು ತನ್ನ ಗುಡಿಸಿಲಿನಲ್ಲಿ ಮಲಗಿಸಿದಳು.

ಒಂದೂವರೆ ವರ್ಷ ಅವನು ಅಲ್ಲಿದ್ದ. ಆ ಊರಿನಲ್ಲಿ ರೇಷ್ಮೆ ಸಾಕುತ್ತಿದ್ದರು. ಬಾಲ್ಯವೆಲ್ಲ ರೇಷ್ಮೆ ನೂಲು ಹೊತ್ತವನು ಅದು ಎಲ್ಲಿಂದ ಬರುತ್ತದೆಂದು ಮೊದಲ ಸಲ ನೋಡಿದ್ದು ಅಲ್ಲೇ. ಹಿಪ್ಪುನೇರಳೆ ಸೊಪ್ಪು ಕೊಯ್ದ, ಹುಳು ಸಾಕುವ ತಟ್ಟೆ ತೊಳೆದ, ಬಾವಿಯಿಂದ ನೀರು ಸೇದಿದ. ಜ್ವರ ಮರುಕಳಿಸಿ ನಡುಗುತ್ತಾ ಮಲಗಿದಾಗ ಮುದುಕಿ ತಟ್ಟೆಯಲ್ಲಿ ಅಲುಗಾಡದೆ ತಲೆಯೆತ್ತಿ ನಿಂತ ಹುಳುಗಳನ್ನು ತಂದು ತೋರಿಸಿದಳಂತೆ. ಇವಕ್ಕೂ ಹೀಗೇ ಆಗುತ್ತದೆ, ಎದ್ದ ಮೇಲೆ ದೊಡ್ಡವಾಗುತ್ತವೆ ಎಂದು ಕೈಸನ್ನೆಯಲ್ಲೇ ಹೇಳಿದಳಂತೆ.

ಇದನ್ನು ನಾನು ಹೇಳಿದ ತಕ್ಷಣ ಅತ್ತೆ ಕುರ್ಚಿಯಲ್ಲಿ ಮುಂದಕ್ಕೆ ಬಂದರು. "ದಿಟ ಕಣೇ! ಹುಳ ಪೊರೆ ಬಿಡಕ್ಕೆ ಜ್ವರಕ್ಕೆ ಕೂತ್ಕೊಂಡ್ರೆ ಹಂಗೇ ತಲೆ ಎತ್ತಿರ್ತವೆ. ಆಗ ಸೊಪ್ಪೂ ಇಲ್ಲ, ಕೆಲ್ಸಾನೂ ಇಲ್ಲ. ನಮ್ ತೌರಲ್ಲಿ ಹೆಂಗಸ್ರಿಗೆಲ್ಲ ಅದೇ ಹಬ್ಬ."

"ಹೌದು," ಎಂದಳು ಐರಿಸ್. "ಆ ಬಿಡುವಿನಲ್ಲೇ ಮುದುಕಿ ಅವನಿಗೆ ಒಂದು ಆಟ ಕಲಿಸಿದ್ದು. ಬಂಡೆಯ ಮೇಲೆ ಕೊರೆದ ಗುಳಿಗಳು, ಎರಡು ಸಾಲು. ಗುಳಿಗಳಲ್ಲಿ ಬೀಜ ಹಂಚುತ್ತಾ ಹೋಗುವುದು."

ಅಳಗುಳಿ ಆಟವನ್ನು ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಅತ್ತೆಯ ಕೈ ಆಗಲೇ ಗಾಳಿಯಲ್ಲಿ ಬೀಜ ಬಿಡುತ್ತಿತ್ತು.

ಕೊನೆಗೆ ಸಂತೆಯಲ್ಲಿ ಯಾರೋ ನೇಥನ್‌ನ ವಿಷಯ ಬಾಯಿಬಿಟ್ಟರು. ಒಂದು ಬೆಳಿಗ್ಗೆ ಕುದುರೆಯ ಮೇಲೆ ಒಬ್ಬ ಅಧಿಕಾರಿ, ಜೊತೆಗೆ ಸಿಪಾಯಿಗಳು ಬಂದರು. ನೇಥನ್ ಆಗ ಬೆಟ್ಟದ ಕಡೆಯ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ. ಅಲ್ಲಿಂದ ಬಂಡೆಗಳ ಸಂದಿಯಲ್ಲಿ ನುಸುಳಿ ಆಚೆ ಹೋಗಿಬಿಡಬಹುದಿತ್ತು. ಆದರೆ ಕೆಳಗೆ ಸಿಪಾಯಿಗಳು ಮುದುಕಿಯನ್ನು ಬೇವಿನ ಮರಕ್ಕೆ ಕಟ್ಟುತ್ತಿರುವುದು ಕಾಣಿಸಿತು. ಒಬ್ಬನ ಕೈಯಲ್ಲಿ ಚಾಟಿಯಿತ್ತು.

ಅವನು ಸೊಪ್ಪಿನ ಮಂಕರಿಯನ್ನು ತಲೆಯ ಮೇಲೆ ಹೊತ್ತುಕೊಂಡೇ ಇಳಿದು ಬಂದ. ಬರಿಗಾಲು, ತಲೆಗೆ ರುಮಾಲು, ಬಿಸಿಲಿಗೆ ಸುಟ್ಟ ಮೈ. ಅಧಿಕಾರಿಗೆ ಮೊದಲು ಗುರುತೇ ಸಿಗಲಿಲ್ಲ. ಮುದುಕಿಗೆ ಸಿಕ್ಕಿತು. ಕಟ್ಟಿದ ಕೈಯನ್ನು ಬಿಡಿಸಿಕೊಳ್ಳಲು ಹೆಣಗುತ್ತಾ, ಹೊಲಕ್ಕೆ ನುಗ್ಗಿದ ಮೇಕೆಯನ್ನು ಅಟ್ಟುವ ಹಾಗೆ, ಕಾಲಿನಿಂದ ಅವನ ಕಡೆಗೆ ಕಲ್ಲು ಒದ್ದಳು. ಹೋಗು, ಹೋಗು ಎಂದು. ಅವನು ಹೋಗಲಿಲ್ಲ. ಮಂಕರಿಯನ್ನು ಅವಳ ಕಾಲ ಬಳಿ ಇಳಿಸಿ ತಾನು ಯಾರೆಂದು ಇಂಗ್ಲಿಷಿನಲ್ಲಿ ಹೇಳಿದ. ಅವಳ ಕಟ್ಟು ಬಿಚ್ಚಿದ ಮೇಲೆಯೇ ಬೇಡಿಗೆ ಕೈ ನೀಡಿದ.

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. ಕತೆ ನಿಲ್ಲಿಸಬೇಡ ಎನ್ನುವಂತೆ ಕೈಯಾಡಿಸಿದರು.

ಬೆಂಗಳೂರಿನಲ್ಲಿ ಸೈನ್ಯದ ವಿಚಾರಣೆಯಾಗಿ ಹದಿನಾಲ್ಕು ವರ್ಷದ ಗಡಿಪಾರು ಶಿಕ್ಷೆ ಆಯಿತು. ಮದರಾಸಿನಿಂದ ಹಡಗು ಹತ್ತಿಸಿದರು. ಇಳಿಸಿದ್ದು ಟ್ಯಾಸ್ಮೇನಿಯಾದಲ್ಲಿ. ಇಂಗ್ಲೆಂಡಿನ ಕಳ್ಳರನ್ನೂ ಹಠಮಾರಿಗಳನ್ನೂ ತುಂಬುತ್ತಿದ್ದ ದ್ವೀಪ ಅದು. ಕಾಲಿಗೆ ಬೇಡಿ ಹಾಕಿಕೊಂಡು ರಸ್ತೆಗೆ ಕಲ್ಲು ಒಡೆದ. ಚಳಿಗಾಲದಲ್ಲಿ ಬೇಡಿಯ ಕಬ್ಬಿಣ ಚರ್ಮಕ್ಕೆ ಅಂಟಿಕೊಳ್ಳುತ್ತಿತ್ತು. ಆಮೇಲೆ ಅವನನ್ನು ಒಬ್ಬ ಕುರಿಸಾಕಣೆಯವನ ಹತ್ತಿರ ದುಡಿಯಲು ಕಳಿಸಿದರು. ಕುರಿ ಮೇಯಿಸುವುದು ಅವನಿಗೆ ಗೊತ್ತಿತ್ತು. ಮುದುಕಿಯ ಮೇಕೆಗಳ ಜೊತೆ ಕಲಿತದ್ದು. ಶಿಕ್ಷೆ ಮುಗಿದ ಮೇಲೆ ಬ್ರಿಜೆಟ್ ಎಂಬ ಐರಿಷ್ ಹೆಂಗಸನ್ನು ಮದುವೆಯಾದ. ಒಂದು ಗಜ ಬಟ್ಟೆ ಕದ್ದಳೆಂದು ಗಡಿಪಾರಾಗಿ ಬಂದವಳು ಅವಳು. ಇಬ್ಬರೂ ಸೇರಿ ಚಿಕ್ಕ ಜಮೀನು ಮಾಡಿ ಕಲ್ಲಿನ ಮನೆ ಕಟ್ಟಿದರು. ಮನೆಯ ಹೊಸ್ತಿಲ ಮುಂದಿನ ಮರಳುಗಲ್ಲಿನ ಮೆಟ್ಟಿಲಲ್ಲಿ ನೇಥನ್ ಉಳಿ ಹಿಡಿದು ಎರಡು ಸಾಲು ಗುಳಿ ಕೊರೆದ.

"ನಮ್ಮಜ್ಜ ಚಿಕ್ಕವನಾಗಿದ್ದಾಗ ಆ ಮೆಟ್ಟಿಲ ಮೇಲೆ ಅವನ ಜೊತೆ ಆಡಿದ್ದಾನೆ. ಆಗ ನೇಥನ್‌ಗೆ ಕಣ್ಣು ಹೋಗಿತ್ತು. ಬೆರಳಿನಲ್ಲೇ ಬೀಜ ಎಣಿಸುತ್ತಿದ್ದ. ನಮ್ಮಜ್ಜ ನನ್ನ ಜೊತೆ ಆಡಿದ," ಎಂದಳು ಐರಿಸ್. "ಆದರೆ ಕೈದಿ ಎಂಬ ಮಾತನ್ನು ನಮ್ಮಜ್ಜ ಸಾಯುವವರೆಗೂ ಬಾಯಿಗೆ ತರಲಿಲ್ಲ. ನಮ್ಮ ಕಡೆ ಅದು ದೊಡ್ಡ ನಾಚಿಕೆಯಾಗಿತ್ತು. ಸಿಪಾಯಿಯಾಗಿದ್ದ, ಭಾರತದಲ್ಲಿದ್ದ, ಒಬ್ಬಳು ಮುದುಕಿ ಕಾಪಾಡಿದಳು ಅಂತಷ್ಟೇ ಹೇಳುತ್ತಿದ್ದ. ಉಳಿದದ್ದನ್ನು ನಮ್ಮಪ್ಪ ಹಾಸಿಗೆ ಹಿಡಿದ ಮೇಲೆ ಹೇಳಿದ. ನನಗೆ ನಾಚಿಕೆ ಆಗಲಿಲ್ಲ. ಇಷ್ಟು ವರ್ಷ ಆ ಮನುಷ್ಯನ ಅರ್ಧವನ್ನು ಮಾತ್ರ ನಮಗೆ ತೋರಿಸಿದ್ದರಲ್ಲ ಅಂತ ಸಂಕಟವಾಯಿತು."

"ಅವನಿಗೆ ಇಂಗ್ಲೆಂಡು ನೆನಪಾಗುತ್ತಿರಲಿಲ್ಲವೇ?" ಎಂದು ನಾನು ಕೇಳಿದೆ.

"ಎಲ್ಲರೂ ಹಾಗೇ ಅಂದುಕೊಂಡಿದ್ದರು. ಮುಪ್ಪಿನಲ್ಲಿ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತು 'ಮನೆಗೆ ಹೋಗಬೇಕು' ಅನ್ನುತ್ತಿದ್ದನಂತೆ. ನಮ್ಮಜ್ಜ ಒಂದು ದಿನ ಕೇಳಿದ, ಮನೆಯ ಹತ್ತಿರ ಏನಿದೆ ಅಂತ. ಬಂಡೆಗಳಿವೆ, ಮೇಕೆಗಳಿವೆ, ಅವ್ವ ಇದ್ದಾಳೆ ಅಂದನಂತೆ."

"ಏನಂದ್ಳು?" ಅತ್ತೆ ತಟ್ಟನೆ ನನ್ನ ಕೈ ಹಿಡಿದರು. ನಾನಿನ್ನೂ ಕನ್ನಡಕ್ಕೆ ತಂದಿರಲಿಲ್ಲ. "ಅವ್ವ ಅಂದ್ಲಾ?"

"ಅವ್ವ," ಎಂದಳು ಐರಿಸ್ ಇನ್ನೊಂದು ಸಲ. ನಾಲಿಗೆ ಸ್ವಲ್ಪ ಹೊರಳಿದರೂ ಮಾತು ಅದೇ. "ಆ ಮುದುಕಿಯನ್ನು ಅವನು ಹಾಗೆ ಕರೆಯುತ್ತಿದ್ದ. ತನ್ನ ಮೊಮ್ಮಕ್ಕಳಿಗೂ ಬ್ರಿಜೆಟ್‌ಳನ್ನು ಹಾಗೇ ಕರೆಯಲು ಕಲಿಸಿದ. ಆಮೇಲೆ ನಮ್ಮ ಮನೆತನದಲ್ಲಿ ಅಜ್ಜಿಯಾದವಳೆಲ್ಲ ಅವ್ವ. ನನ್ನ ಮೊಮ್ಮಕ್ಕಳೂ ನನ್ನನ್ನು ಅವ್ವ ಅಂತಾರೆ. ಪಕ್ಕದ ಮನೆಯವರು ಅದು ಐರಿಷ್ ಮಾತು ಅಂದುಕೊಂಡಿದ್ದಾರೆ."

ನಮ್ಮ ಸೀಮೆಯಲ್ಲಿ ತೆಲುಗು ಮಾತಾಡುವ ಮನೆಗಳಲ್ಲೂ ಕನ್ನಡದ ಮನೆಗಳಲ್ಲೂ ಅಜ್ಜಿಗೆ ಅವ್ವ ಎನ್ನುವುದುಂಟು. ಅತ್ತೆ ಕುರ್ಚಿಯನ್ನು ಐರಿಸ್‌ಳ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಅಂದರು: "ಶೋಭಾ, ನಾಳೆ ಭಾನುವಾರ ಅಲ್ವೇನೇ? ನಾನೂ ಬರ್ತೀನಿ. ನಮ್ಮೂರ್ ಹಿಂದೆ ಹಾಸುಬಂಡೆ ಐತೆ. ಅದ್ರ ಮೇಲೆ ಗುಳಿ ಅವೆ. ಎಷ್ಟೋ ಕಾಲದ್ದು, ಯಾರ್ ಕೊರೆದ್ರೋ ಯಾರಿಗೂ ತಿಳೀದು. ನಾವೆಲ್ಲ ಅಲ್ಲೇ ಆಡಿದ್ದು."

ಇದನ್ನು ಹೇಳಿದಾಗ ಐರಿಸ್‌ಳ ಕಣ್ಣು ಅರಳಿತು. ಅಂಥ ಗುಳಿಗಳು ಈ ಕಡೆಯ ಎಷ್ಟೋ ಊರುಗಳ ಬಂಡೆಗಳ ಮೇಲಿವೆ, ಅದೇ ಬಂಡೆ ಎಂದು ಹೇಳಲಾಗದು ಎಂದೂ ಸೇರಿಸಿದೆ. ಆಕೆ ತಲೆಯಾಡಿಸಿದಳು. ಆದರೆ ನನ್ನ ಎಚ್ಚರಿಕೆ ಆಕೆಗೂ ಬೇಕಿರಲಿಲ್ಲ, ಅತ್ತೆಗೂ ಬೇಕಿರಲಿಲ್ಲ.

ಮಾರನೆಯ ಬೆಳಿಗ್ಗೆ ಸಿದ್ಧಾರ್ಥ್‌ನ ಕಾರಿನಲ್ಲಿ ಹೊರಟೆವು. ಚಿಂತಾಮಣಿ ದಾಟುವಷ್ಟರಲ್ಲಿ ಅತ್ತೆ ಹೊಸಬರಾಗಿಬಿಟ್ಟಿದ್ದರು. ಅವರ ತಮ್ಮ ಸತ್ತ ಮೇಲೆ ತೌರಿನ ಕಡೆ ತಲೆ ಹಾಕಿರಲಿಲ್ಲ. ಈಗ ಪ್ರತಿ ತಿರುವಿನಲ್ಲೂ ಏನಾದರೊಂದು ಹೇಳುತ್ತಿದ್ದರು. ಇಲ್ಲಿ ಕವಣೆ ಬೀಸಿ ಗಿಳಿ ಓಡಿಸುತ್ತಿದ್ದೆವು, ಇಲ್ಲಿ ನಮ್ಮಪ್ಪನ ಗಾಡಿ ಮಗುಚಿತ್ತು, ಈ ಹುಣಸೆಮರದ ಕೆಳಗೆ ನನ್ನ ಮದುವೆಯ ದಿಬ್ಬಣ ನೀರು ಕುಡಿಯಲು ನಿಂತಿತ್ತು. ಐರಿಸ್‌ಗೆ ಒಂದು ಮಾತೂ ಅರ್ಥವಾಗದಿದ್ದರೂ ಅತ್ತೆ ಬೆರಳು ತೋರಿಸಿದ ಕಡೆಗೆಲ್ಲ ತಿರುಗಿ ನೋಡುತ್ತಿದ್ದಳು.

ಆ ತಮ್ಮನ ಹೆಂಡತಿ ಶ್ಯಾಮಲಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ಕಾಲು ತೊಳೆಯಲು ನೀರು ಕೊಟ್ಟರು, ಅತ್ತೆಯ ಕೆನ್ನೆ ಮುಟ್ಟಿ ಅತ್ತರು. ಅತ್ತೆ ಒಳಗೆ ಕೂರಲೊಲ್ಲದೆ, "ಮೊದ್ಲು ಬಂಡೆ ನೋಡ್ಕೊಂಡು ಬರಣ" ಅಂದರು. ಶ್ಯಾಮಲಮ್ಮ ನನ್ನ ಮುಖ ನೋಡಿದರು.

"ಬಂಡೆ ಎಲ್ಲೈತಕ್ಕ? ಅಲ್ಲಿ ಕ್ವಾರಿ ಮಾಡವ್ರೆ. ಎಲ್ಲಾ ಒಡೆದು ಲಾರಿಗೆ ತುಂಬ್ಕೊಂಡು ಹೋದ್ರಲ್ಲ. ನಿಂಗೆ ಯಾರೂ ಹೇಳ್ಳಿಲ್ವಾ?"

ಆದರೂ ಹೋದೆವು. ಊರಿನ ಹಿಂದೆ, ಬೆಟ್ಟಕ್ಕೆ ಏರುವ ಜಾಗದಲ್ಲಿ, ದೊಡ್ಡ ಗುಂಡಿ ಇತ್ತು. ಅದರ ತಳದಲ್ಲಿ ಹಸಿರು ನೀರು ನಿಂತಿತ್ತು. ಬದಿಯ ಕಲ್ಲಿನಲ್ಲಿ ಯಂತ್ರ ಕೊರೆದ ನೀಟಾದ ಗೆರೆಗಳಿದ್ದವು. ಬೆಟ್ಟ ಮಾತ್ರ ಮೇಲೆ ಹಾಗೇ ಇತ್ತು. ಅತ್ತೆ ಅಂಚಿನಿಂದ ದೂರದಲ್ಲೇ ನಿಂತು ನೋಡಿದರು. "ಅಷ್ಟ್ ದೊಡ್ಡ ಬಂಡೆ," ಎಂದರು. ಮತ್ತೆ ಸ್ವಲ್ಪ ಹೊತ್ತಿಗೆ, "ನಾವು ಬಟ್ಟೆ ಒಣಗಾಕ್ತಿದ್ವಿ. ರಾಗಿ ಬಡೀತಿದ್ವಿ. ಊರಿಗೂರೇ ಕೂತ್ರೂ ಜಾಗ ಮಿಗ್ತಿತ್ತು."

ಐರಿಸ್‌ಗೆ ನಾನು ಏನೂ ಹೇಳಬೇಕಾಗಲಿಲ್ಲ. ಅಷ್ಟು ದೂರದಿಂದ ಬಂದವಳ ಮುಖ ಹೇಗಾಗಬಹುದೋ ಎಂದು ನನಗೆ ಅಳುಕಿತ್ತು. ಆಕೆ ಗುಂಡಿಯನ್ನು ಹೆಚ್ಚು ನೋಡಲಿಲ್ಲ. ಅತ್ತೆಯ ಪಕ್ಕಕ್ಕೆ ಹೋಗಿ ಅವರ ಮುಂಗೈ ಹಿಡಿದು ನಿಂತಳು. ಹೊರಗಿನಿಂದ ಬಂದವಳಿಗೆ ಬಂಡೆ ಸಿಗಲಿಲ್ಲ, ಅಷ್ಟೆ. ಕಳೆದುಕೊಂಡವಳು ನಮ್ಮತ್ತೆ ಎಂಬುದು ಆಕೆಗೆ ಹೇಗೋ ತಿಳಿದಿತ್ತು.

ವಾಪಸ್ಸು ಬಂದು ಶ್ಯಾಮಲಮ್ಮನ ಮನೆಯ ಮುಂದಿನ ಬೇವಿನ ನೆರಳಿನಲ್ಲಿ ಕೂತೆವು. ಅತ್ತೆ ಚಾಪೆ ಬೇಡವೆಂದು ಬರಿ ನೆಲದ ಮೇಲೆಯೇ ಕೂತರು. ಮೊದಲು ಸುಮ್ಮನೆ ಬೆರಳಿನಿಂದ ಮಣ್ಣು ಕೆದಕುತ್ತಿದ್ದರು. ನೋಡನೋಡುತ್ತಿದ್ದಂತೆ ಅದು ಒಂದು ಗುಳಿಯಾಯಿತು, ಪಕ್ಕದಲ್ಲಿ ಇನ್ನೊಂದು, ಆಮೇಲೆ ಒಂದು ಸಾಲು. ಐರಿಸ್ ಮೊಣಕಾಲು ಹಿಡಿದುಕೊಂಡು, ನರಳುತ್ತಾ, ಎದುರಿಗೆ ಕೂತು ತನ್ನ ಕಡೆಯ ಸಾಲನ್ನು ತೋಡತೊಡಗಿದಳು. ಶ್ಯಾಮಲಮ್ಮ ಒಳಗಿನಿಂದ ಹುಣಸೆಬೀಜ ತಂದು ಸುರಿದರು.

ಆಟ ಶುರುವಾಯಿತು. ಇಬ್ಬರಿಗೂ ಮಾತು ಬೇಕಾಗಲಿಲ್ಲ. ಒಂದು ಗುಳಿಯ ಬೀಜ ಬಾಚಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿಡುವುದು, ಕೈ ಬರಿದಾದರೆ ಮುಂದಿನ ಗುಳಿ ಬಾಚುವುದು. ಐರಿಸ್ ನಿಧಾನ, ಅತ್ತೆ ಚುರುಕು. ಒಂದು ಗುಳಿಯಲ್ಲಿ ನಾಲ್ಕು ಬೀಜ ಕೂಡಿದಾಗ ಐರಿಸ್ ಅದನ್ನು ತಟ್ಟನೆ ಎತ್ತಿಕೊಂಡು "ಪಾಸ್ ಯೂ!" ಅಂದಳು.

ಅತ್ತೆಯ ಕೈ ನಿಂತಿತು. "ಏನಂದೆ? ಪಸು ಅಂದ್ಯಾ?"

ಅದು ತಮ್ಮ ಮನೆಯ ಇಂಗ್ಲಿಷ್ ಮಾತು, ನಿನ್ನನ್ನು ದಾಟಿದೆ ಎಂಬ ಅರ್ಥ ಎಂದು ಐರಿಸ್ ವಿವರಿಸಿದಳು. ನಾಲ್ಕು ಕೂಡಿದಾಗಲೆಲ್ಲ ಅಜ್ಜ ಹಾಗೇ ಕೂಗುತ್ತಿದ್ದನಂತೆ. ನಾನು ನಗುತ್ತಾ ಹೇಳಿದೆ: ಇಲ್ಲಿ ನಾಲ್ಕು ಬೀಜ ಕೂಡಿದರೆ ಪಸು ಅನ್ನುತ್ತಾರೆ. ಅಂದರೆ ಹಸು. ಹಸು ಕಟ್ಟಿಕೊಂಡೆ ಅಂತ.

ಐರಿಸ್ ಅಂಗೈಯಲ್ಲಿದ್ದ ನಾಲ್ಕು ಬೀಜ ನೋಡಿದಳು. "ಹಸು," ಎಂದಳು. "ದೇವರೇ. ನಾವು ಎಲ್ಲರೂ ಇಷ್ಟು ವರ್ಷ..." ಆಮೇಲೆ ಅವಳಿಗೆ ನಗು ತಡೆಯಲಾಗಲಿಲ್ಲ, ನಗುತ್ತಲೇ ಅತ್ತುಬಿಟ್ಟಳು. ಅತ್ತೆ ಸೆರಗಿನ ತುದಿಯಿಂದ ಅವಳ ಕಣ್ಣು ಒರೆಸಿ, "ಅಳ್ಬಾರ್ದು ಕಣಮ್ಮ, ಆಟ ಕೆಡ್ತದೆ" ಅಂದರು.

ಶ್ಯಾಮಲಮ್ಮ ಅಂಬಲಿ ತಂದಾಗ ಐರಿಸ್ ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ಇದು ಅಷ್ಟೇನೂ ಕಪ್ಪಗಿಲ್ಲವಲ್ಲ ಎಂದಳು. ಆಗಿನ ಕಾಲದಲ್ಲಿ ಬೀಸುವ ಕಲ್ಲು, ಈಗ ಮಿಲ್ಲಿನ ಹಿಟ್ಟು, ಬಣ್ಣ ಎಲ್ಲಿಂದ ಬರಬೇಕು ಎಂದು ಶ್ಯಾಮಲಮ್ಮ ಬೇಜಾರಿನಿಂದ ಹೇಳಿದರು. ಐರಿಸ್ ಪೂರ್ತಿ ಕುಡಿದಳು, ಇನ್ನೊಂದು ಲೋಟ ಕೇಳಿದಳು.

ಹೊರಡುವ ಮುಂಚೆ ಆಕೆ ಒಂದೇ ಒಂದು ಪ್ರಶ್ನೆ ಕೇಳಿದಳು. ಆ ಮುದುಕಿಯ ಹೆಸರು ಏನಿರಬಹುದು? ನೇಥನ್ ಅದನ್ನು ಯಾರಿಗೂ ಹೇಳಿರಲಿಲ್ಲ.

ಅತ್ತೆ ಯೋಚಿಸಿದರು. "ಅವನಿಗೂ ಗೊತ್ತಿರ್ಲಿಲ್ಲ ಅಂತ ಕಾಣ್ತದೆ. ನಮ್ಮವ್ವನ ಹೆಸರು ನಂಗೂ ಬಹಳ ದಿನ ಗೊತ್ತಿರ್ಲಿಲ್ಲ. ಅವ್ವನ್ನ ಹೆಸರು ಹಿಡ್ದು ಯಾರು ಕರೀತಾರೆ?"

ಇಬ್ಬರನ್ನೂ ನೆಲದಿಂದ ಎಬ್ಬಿಸಲು ಸಿದ್ಧಾರ್ಥ್ ಬರಬೇಕಾಯಿತು. ಐರಿಸ್ ಬೆಟ್ಟದ ಕಡೆ ತಿರುಗಿ ಸ್ವಲ್ಪ ಹೊತ್ತು ನಿಂತಳು. ಫೋಟೋ ತೆಗೆಯಲಿಲ್ಲ. ಆ ಸಂಜೆಯೇ ಸಿದ್ಧಾರ್ಥ್ ಆಕೆಯನ್ನು ವಿಮಾನ ನಿಲ್ದಾಣಕ್ಕೆ ಬಿಡಬೇಕಿತ್ತು. ಮೊದಲು ನಮ್ಮನ್ನು ಮೇಲೂರಿನಲ್ಲಿ ಇಳಿಸಲು ಚಿಂತಾಮಣಿಯ ಕಡೆಗೆ ಕಾರು ತಿರುಗಿಸಿದ. ಐರಿಸ್ ಹಿಂದಿನ ಸೀಟಿನಲ್ಲಿ ಅತ್ತೆಯ ಭುಜಕ್ಕೆ ತಲೆ ಒರಗಿಸಿ ನಿದ್ದೆ ಹೋದಳು.

ಅತ್ತೆ ಅಲುಗಾಡದೆ ಕೂತಿದ್ದರು. ಕಿಟಕಿಯಾಚೆ ಟೊಮೇಟೊ ತೋಟಗಳು, ಹಿಪ್ಪುನೇರಳೆ ಸಾಲುಗಳು ಸರಿದುಹೋಗುತ್ತಿದ್ದವು. ಬಹಳ ದೂರ ಬಂದ ಮೇಲೆ, ನಿದ್ದೆಯಲ್ಲಿದ್ದವಳಿಗೆ ಎಚ್ಚರವಾಗದ ಹಾಗೆ, ಮೆಲ್ಲಗೆ ನನ್ನ ಕಡೆ ತಿರುಗಿದರು.

"ನಮ್ಮವ್ವ ಆಟದಲ್ಲಿ ಮೋಸ ಮಾಡೋಳು ಕಣೇ ಶೋಭಾ. ಒಂದ್ ಬೀಜ ಬಾಯಲ್ಲಿ ಇಟ್ಕೊಂಡಿರೋಳು. ಸೋಲೋ ಹಂಗಾದ್ರೆ ಕೆಮ್ಮೋ ನೆಪ ಮಾಡ್ಕೊಂಡು ಗುಳಿಗೆ ಉಗಿಯೋಳು. ನಂಗೆ ಗೊತ್ತಾಗ್ತಿತ್ತು. ಆದ್ರೂ ಹೇಳ್ತಿರ್ಲಿಲ್ಲ. ಗೆದ್ಮೇಲೆ ಅವಳ ಮುಖ ನೋಡ್ಬೇಕಾಗಿತ್ತು ನೀನು."

ಅವರು ತಮ್ಮಷ್ಟಕ್ಕೆ ನಕ್ಕರು. ಭುಜ ಕುಲುಕಿತು. ಐರಿಸ್ ನಿದ್ದೆಯಲ್ಲೇ ಸ್ವಲ್ಪ ಸರಿದು ಮತ್ತೆ ಒರಗಿಕೊಂಡಳು.